ಗದ್ದೆ ಬಿಟ್ಟು ಬೋಳುಗುಡ್ಡೆಗೆ ಇಳಿದ ವಿಮಾನ

ಬೈಂದೂರು
21 ನವೆಂಬರ್ 1964, ಶನಿವಾರ

ನನ್ನ ಡಿಯರ್ ಡಿಯರ್ ಪೈಲಟ್ ಸಾಹೇಬರೇ,

(ಇನ್ನೂ ಆಗಿಲ್ಲ, ಗೊತ್ತು! ಕರೆಯಲು ಆಸೆ.) ಕೆಮ್ಮು ಹೋಯಿತೇ? ಬೊಂಬಾಯಿಯ ಮೆಸ್ಸಿನಲ್ಲಿ ಹೊಟ್ಟೆ ತುಂಬ ಅನ್ನ ಹಾಕುತ್ತಾರೆಯೇ? ಮದುವೆಯಾಗಿ ನಲವತ್ತು ದಿನ, ನೀವು ಎದುರಿಗಿದ್ದದ್ದು ಹದಿನಾರು. ನಾನೇನೂ ಎಣಿಸುತ್ತಿಲ್ಲ, ಸುಮ್ಮನೆ ಹೇಳಿದೆ.

ವಿಮಾನ ಹಾರಿಸುವುದನ್ನು ಕಲಿಯಲು ನಮ್ಮ ಸಹಿಗೆಂದು ನೀವು ಕಳಿಸಿದ ಒಪ್ಪಿಗೆ ಪತ್ರ ತಲುಪಿತ್ತು. ಅಮ್ಮ, ಹೆಂಡತಿ ಇಬ್ಬರೂ ಒಪ್ಪದೆ ಸೇರುವುದಿಲ್ಲ ಎಂದಿರಲ್ಲ, ಅತ್ತೆ ಅದನ್ನು ಅಕ್ಕಿ ಡಬ್ಬಿಯಡಿ ಒತ್ತಿಟ್ಟು, "ಅಂವ ಆಕಾಶಕ್ ಹೋಪ್ದೇ ಬ್ಯಾಡ. ನೀನೂ ಸೈನ್ ಹಾಕ್ಬೇಡ ಹೆಣೆ" ಎಂದುಬಿಟ್ಟರು. ನಿಜ ಹೇಳಲೇ? ನನಗೂ ಒಳಗೊಳಗೇ ಸಮಾಧಾನವಾಯಿತು. ಅಷ್ಟರಲ್ಲಿ ಮಂಗಳವಾರ ಬಜಪೆಯ ವಿಮಾನ ನಿಲ್ದಾಣಕ್ಕೆ ಹೊರಟಿದ್ದ ಪುಟ್ಟ ವಿಮಾನವೊಂದು ಇಂಜಿನ್ ಕೆಟ್ಟು, ಮುಗ್ಗರಿಸುತ್ತಾ, ನಮ್ಮ ಕೊಯ್ಲಾದ ಗದ್ದೆಯ ಮೇಲೆ ಎರಡು ಸುತ್ತು ಹಾಕಿತು. ಅಯ್ಯೋ, ಎಷ್ಟು ಚೆಂದ ಅಂತೀರಿ! ನಮ್ಮನ್ನೇ ನೋಡಲು ಬಂದಿದೆಯೆಂದು ಊರಿಗೆ ಊರೇ ಗದ್ದೆಗೆ ಓಡಿತು. ಅತ್ತೆ ಮೊರ ಬೀಸಿದರು, ನಾನು ಸೆರಗು ಬೀಸಿದೆ, ಆಳು ದುಗ್ಗಪ್ಪ "ಹ್ವಾಯ್, ಕೆಳ್ಗ್ ಬನ್ನಿ, ಚಾ ಕುಡುವ!" ಎಂದು ಗಂಟಲು ಹರಿದುಕೊಂಡ. ತಲೆಯ ಮೇಲೇ ಬಂತೆನ್ನುವಾಗ ವಿಮಾನ ತಟ್ಟನೆ ಮೂಗು ತಿರುಗಿಸಿತು. ಆಚೆಯ ಕೆಂಪು ಮುರಕಲ್ಲಿನ ಬೋಳುಗುಡ್ಡೆಯ ಮೇಲೆ ಧಡಧಡನೆ ಇಳಿದು, ಚಕ್ರ ಕಳಚಿ, ರೆಕ್ಕೆ ಬಂಡೆಗೆ ಬಡಿದು ಅಡ್ಡಬಿತ್ತು.

ಪೈಲಟನ ತೋಳು ಮುರಿದಿತ್ತು. ಮದ್ರಾಸಿನವನು, ಕನ್ನಡ ಬಾರದು. ಕಾರು ಬರುವ ತನಕ ನಮ್ಮ ಜಗಲಿಯಲ್ಲೇ ಮಲಗಿಸಿದೆವು. ಅತ್ತೆ ಗಂಜಿ ಕುಡಿಸುತ್ತಾ, "ಇಷ್ಟ್ ಚೆಂದದ್ ಗದ್ದೆ ಬಿಟ್ಟ್ ಆ ಕಲ್ಲಿನ್ ಮೇಲೆ ಎಂತಕ್ ಇಳ್ಸ್ದ? ಕಣ್ ಕಾಂತಿಲ್ಯಾ? ಕೇಣ್ ಕಾಂಬ" ಎಂದು ನನಗೇ ಗದರಿದರು. ಇಂಗ್ಲಿಷಿನಲ್ಲಿ ಕೇಳಿದೆ. ಅವನು ನೋವಿನಲ್ಲೂ ನಕ್ಕ. ಗದ್ದೆಯಲ್ಲೇ ಇಳಿಯಬೇಕೆಂದಿದ್ದನಂತೆ, ಆದರೆ ಅಲ್ಲಿ ಜನ ತುಂಬಿದ್ದರಂತೆ. ಕಾನ್ವೆಂಟಿನಲ್ಲಿ ಅಷ್ಟು ವರ್ಷ ಓದಿದ ನನಗೆ ಆ ಒಂದು ಮಾತನ್ನು ಕನ್ನಡದಲ್ಲಿ ಹೇಳಲು ಸುಲಭವಾಗಲಿಲ್ಲ. ಹೇಳಿದೆ. ಅತ್ತೆ ಸೌಟು ಕೆಳಗಿಟ್ಟರು. ಆಮೇಲೆ ಅವನ ಹಣೆ ಒರೆಸಿ ಒಳಗೆ ಹೋದರು.

ಆ ಪೈಲಟ್ ಹುಡುಗ ಈಗ ಆಸ್ಪತ್ರೆಯಲ್ಲಿ ಗೆಲುವಾಗಿದ್ದಾನೆ. ದುಗ್ಗಪ್ಪ ದಿನಾ ಎಳನೀರು ಹೊತ್ತೊಯ್ಯುತ್ತಾನೆ. ಬೆಚ್ಚಗಿರಿ, ತಣ್ಣೀರು ಕುಡಿಯಬೇಡಿ, ನನ್ನನ್ನು ದಿನಕ್ಕೆ ಮೂರು ಸಲವಾದರೂ ನೆನೆಯಿರಿ.

ನಿಮ್ಮದೇ, ನಿಮ್ಮದೇ,
ಸರಸ

ತಾ.ಕ.: ಟಪ್ಪಾಲಿನವ ಅಂಗಳದಲ್ಲೇ ನಿಂತಿದ್ದಾನೆ! ಒಪ್ಪಿಗೆ ಪತ್ರ ಇದರೊಳಗೇ ಇದೆ. ನನ್ನ ಸಹಿ, ಪಕ್ಕದಲ್ಲಿ ಅತ್ತೆಯ ಹೆಬ್ಬೆಟ್ಟು. ಒತ್ತುವಾಗ ಹೇಳಿದ್ದನ್ನು ಹಾಗೇ ಬರೆಯಬೇಕಂತೆ: "ಕಲೀಲಿ. ಇಮಾನ ಬಂದ್ರೆ ಇನ್ನ್ ಗದ್ದೆಗ್ ಯಾರೂ ಇಳೂಕ್ ಆಗ ಅಂದೇಳಿ ನಾನ್ ಊರಿಗೇ ಹೇಳಿದ್ದೆ. ಆದ್ರೂ ಕೆಳ್ಗ್ ಜನ ಕಂಡ್ರೆ, ನನ್ ಮಗನೂ ಆ ಹುಡ್ಗನ್ ಹಾಂಗೇ ಇಮಾನ ತಿರ್ಗ್ಸ್ಬೇಕ್."