ತಲೆಕೆಳಗಾದ ಆರು

ಜೂನ್ ೩, ಮಂಗಳವಾರ

ಮಕ್ಕಳು ಹಿಲ್ಲಾಳನ್ನು ನೋಡಿ ನಕ್ಕಿದ್ದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಶಿಶುವಿಹಾರದ ಅಂಗಳದಲ್ಲಿ ಅಂಕಿ ಬರೆದ ಮರದ ಗೂಟಗಳನ್ನು ನಿಲ್ಲಿಸಿ ಆಡಿಸುತ್ತಿದ್ದೆ. ಅವಳು ಎಸೆದ ಕೋಲಿಗೆ ಆರರ ಗೂಟ ಉರುಳಿತು. "ಒಂಬತ್ತು!" ಎಂದು ಕುಣಿದಳು.

"ಪೆದ್ದಿ, ಅದು ಆರು ಕಣೇ!" ಅಂದ ಓನ್ನಿ. ಹಿಲ್ಲಾ ಅಳತೊಡಗಿದಳು.

ಚಿಕ್ಕವಳಿದ್ದಾಗ ನಾನೂ ಹೀಗೇ ಅತ್ತಿದ್ದೆ. ಅಪ್ಪ ಸರೋವರದ ದಂಡೆಯ ಹುಲ್ಲಿನಲ್ಲಿ ತಲೆ ಕೆಳಗಾಗಿ ನಿಂತು, "ನಾನ್ಯಾರು ಹೇಳು ಮಗಳೇ?" ಅಂದರು.

"ಅಪ್ಪಾನೇ!"

"ನಾನು ಉಲ್ಟಾ ನಿಂತ್ರೂ ನಾನೇ. ಆರು ಹಂಗಲ್ಲ, ಒಂಬತ್ತಾಗ್ಬಿಡುತ್ತೆ. ನಿನ್ನ ತಪ್ಪೇನಿಲ್ಲ ಬಿಡು."

ಇಂದು ನನ್ನಿಂದ ಹಾಗೆ ನಿಲ್ಲಲಾಗಲಿಲ್ಲ. ಬಗ್ಗಿ ಕಾಲುಗಳ ನಡುವಿನಿಂದ ನೆಟ್ಟಗಿದ್ದ ಒಂಬತ್ತರ ಗೂಟವನ್ನು ನೋಡಿದೆ. ಮಕ್ಕಳೆಲ್ಲ ಬಗ್ಗಿದರು.

"ರಿತ್ವಾ, ಆರಾಗೋಯ್ತು!" ಓನ್ನಿ ನನ್ನತ್ತ ತಿರುಗಿ ಕಿರುಚಿದ. ಹಿಲ್ಲಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅಪ್ಪ ಹೋಗಿ ಎಷ್ಟು ಬೇಸಿಗೆಗಳಾದವು. ಅವರಿಗೆ ಇದನ್ನು ಹೇಳಬೇಕು ಅನ್ನಿಸಿ, ಸಂಜೆ ಫೋನಿನತ್ತ ಕೈ ಚಾಚಿದೆ. ಅವರಿಲ್ಲವೆಂದು ಆಮೇಲೆ ನೆನಪಾಗಿ, ಇಲ್ಲಿ ಬರೆಯುತ್ತಿದ್ದೇನೆ.