ಅಣ್ಣನನ್ನು ಹಾಜರುಪಡಿಸಿದ ದಿನ

ಮಾರ್ಚ್ 4, ಸೋಮವಾರ

ಒಂಬತ್ತನೇ ತರಗತಿಯ ಪೌರನೀತಿ ಪೇಪರ್ ಇನ್ನೂ ಅರ್ಧ ಕಟ್ಟು ಬಾಕಿ. ಸರ್ಕಾರದ ಮೂರು ಅಂಗಗಳ ಕೆಲಸವೇನು? ಒಬ್ಬಳ ಉತ್ತರ — ಶಾಸಕಾಂಗ ಕಾನೂನು ಮಾಡುತ್ತದೆ, ಕಾರ್ಯಾಂಗ ಜಾರಿ ಮಾಡುತ್ತದೆ, ನ್ಯಾಯಾಂಗ ರಜೆ ಮಾಡುತ್ತದೆ. ನಗು ತಡೆಯಲಾಗಲಿಲ್ಲ. ಅರ್ಧ ಮಾರ್ಕ್ ಹೆಚ್ಚೇ ಕೊಟ್ಟೆ.

ನಾಳೆಯಿಂದ ಅಣ್ಣನ ಬಸ್ ಡಿಪೋದಲ್ಲಿ ಮೆಕ್ಯಾನಿಕ್‌ಗಳ ಮುಷ್ಕರ. ಮುಷ್ಕರ ಮಾಡಿದವರನ್ನು ಹಿಡಿದು ಒಳಗಿಡಬಹುದು ಅಂತ ಹೋದ ವರ್ಷವೇ ಸುಗ್ರೀವಾಜ್ಞೆ ಬಂದಿದೆ. ಹುಷಾರು ಅಂದೆ. ಪಾಠ ಸ್ಕೂಲಲ್ಲಿ ಮಾಡು ಅಂದ.

ಮಾರ್ಚ್ 6, ಬುಧವಾರ

ಅಣ್ಣ ಮನೆಗೆ ಬಂದಿಲ್ಲ. ನಿನ್ನೆ ಡಿಪೋ ಗೇಟಿನ ಹತ್ತಿರ ಮಾತಾಡುತ್ತಿದ್ದವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರಂತೆ.

ಅತ್ತಿಗೆಯೂ ನಾನೂ ಸ್ಟೇಷನ್‌ಗೆ ಹೋದೆವು. ಆ ಹೆಸರಿನವರು ಇಲ್ಲಿಲ್ಲ. ಇನ್ನೊಂದು ಸ್ಟೇಷನ್‌ನಲ್ಲೂ ಅದೇ ಮಾತು. ಆರಡಿ ಆಳು... ಗಾಳಿಯಲ್ಲಿ ಕರಗಿಹೋದನೇ?

ಮಾರ್ಚ್ 7, ಗುರುವಾರ

ವಕೀಲೆಯೊಬ್ಬರು ಸಿಕ್ಕರು. ನಮ್ಮ ಗೋಳು ಅರ್ಧ ಕೇಳುವಷ್ಟರಲ್ಲೇ ಹೇಬಿಯಸ್ ಕಾರ್ಪಸ್ ಹಾಕೋಣ ಅಂದರು. ಹಿಡಿದಿಟ್ಟವನನ್ನು ಕೋರ್ಟ್ ಮುಂದೆ ತಂದು ನಿಲ್ಲಿಸಿ, ಯಾವ ಕಾನೂನಿನ ಮೇಲೆ ಹಿಡಿದಿರಿ ಹೇಳಿ ಅನ್ನುವ ಅರ್ಜಿ. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಎರಡು ಮಾರ್ಕಿನ ಪ್ರಶ್ನೆ. ಇವತ್ತು ಅದೇ ಅರ್ಜಿಗೆ ನಾನೇ ಸಹಿ ಹಾಕಿದೆ.

ಸುಗ್ರೀವಾಜ್ಞೆ ಅಂದರೇನು ಅಂತ ಅಮ್ಮನಿಗೆ ಬಿಡಿಸಿ ಹೇಳಿದೆ. ಶಾಸನಸಭೆ ಸೇರದೆ ಇದ್ದಾಗ ಸರ್ಕಾರ ತಾನೇ ಹೊರಡಿಸುವ ತುರ್ತು ಕಾನೂನು.

"ಆ ಸುಗ್ರೀವನಿಗೂ ನನ್ನ ಮಗನಿಗೂ ಏನೇ ಜಗಳ?" ಅಂದಳು.

ಅತ್ತಿಗೆ ನಕ್ಕಳು. ನಗುನಗುತ್ತಲೇ ಅತ್ತಳು.

ಮಾರ್ಚ್ 12, ಮಂಗಳವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ. ಇವತ್ತು ವಿಚಾರಣೆ. ನಮ್ಮ ವಶದಲ್ಲಿದ್ದಾರೆ ಅಂತ ಸರ್ಕಾರಿ ವಕೀಲರು ಒಪ್ಪಿಕೊಂಡರು. ಮುಂದಿನ ತಿಂಗಳಿಗೆ ವಾಯಿದೆ ಕೇಳಿದರು. ನ್ಯಾಯಾಧೀಶರು ಕೊಡಲಿಲ್ಲ. ನಾಡಿದ್ದು ಆಳನ್ನೇ ಕರೆತನ್ನಿ ಅಂದರು.

ಇದ್ದಾನೆ. ಅಷ್ಟು ಗೊತ್ತಾದದ್ದೇ ಹೋದ ಜೀವ ಬಂದ ಹಾಗಾಯಿತು. ಎಂದೂ ಇಲ್ಲದ ಹಾಗೆ ಅಮ್ಮ ಎರಡನೇ ಸಲ ಬಡಿಸಿಕೊಂಡಳು.

ಮಾರ್ಚ್ 14, ಗುರುವಾರ

ಕರೆತಂದರು. ಗಡ್ಡ ಬೆಳೆದಿದೆ, ಕೆನ್ನೆ ಒಳಗೆ ಹೋಗಿದೆ. ನಮ್ಮನ್ನು ನೋಡಿ ಹುಬ್ಬು ಹಾರಿಸಿದ — ಮನೆಯಲ್ಲಿ ಬೈಸಿಕೊಳ್ಳುವಾಗ ಮಾಡುವ ಹಾಗೆ.

ಸರ್ಕಾರಿ ವಕೀಲರು ಸುಗ್ರೀವಾಜ್ಞೆಯನ್ನು ಓದಿದರು. ನಮ್ಮ ವಕೀಲೆ ಎದ್ದು, ಅದು ಸತ್ತು ಎಷ್ಟೋ ದಿನವಾಯಿತು ಅಂದರು. ಶಾಸನಸಭೆ ಸೇರಿದಾಗ ಅದನ್ನು ಕಾಯಂ ಮಾಡುವ ಮಸೂದೆ ಮಂಡಿಸಿದರಂತೆ, ಚರ್ಚೆಗೇ ಬರಲಿಲ್ಲವಂತೆ. ಸಭೆ ಒಪ್ಪದೆ ಗಡುವು ಮುಗಿದರೆ ಸುಗ್ರೀವಾಜ್ಞೆ ತಾನಾಗಿಯೇ ಬಿದ್ದುಹೋಗುತ್ತದೆ. ನನಗೆ ಇದು ಹೊಳೆದೇ ಇರಲಿಲ್ಲ.

ನ್ಯಾಯಾಧೀಶರು ಕನ್ನಡಕ ತೆಗೆದರು. "ಹಾಗಾದ್ರೆ ಇವರನ್ನ ಯಾವ ಕಾನೂನಿನ ಮೇಲೆ ಇಟ್ಕೊಂಡಿದ್ದೀರಿ?"

ಸರ್ಕಾರಿ ವಕೀಲರು ಹಿಂದೆ ಕೂತಿದ್ದ ಪೊಲೀಸ್ ಅಧಿಕಾರಿಯತ್ತ ನೋಡಿದರು. ಅಧಿಕಾರಿ ಫ್ಯಾನ್ ನೋಡಿದರು.

"ಬಿಟ್ಬಿಡಿ. ಇಲ್ಲಿಂದಲೇ ಮನೆಗೆ ಹೋಗಲಿ."

ಪೊಲೀಸಿನವನು ತೋಳು ಬಿಟ್ಟ. ಅಷ್ಟೇ. ಅಣ್ಣನಿಗೆ ಅರ್ಥವಾಗಲಿಲ್ಲ, ನಿಂತಲ್ಲೇ ನಿಂತಿದ್ದ. ಅತ್ತಿಗೆ ಹೋಗಿ ಅದೇ ತೋಳು ಹಿಡಿದುಕೊಂಡಳು.

"ಬನ್ನಿ. ಆಮೇಲೆ ಬಸ್ ಸಿಗಲ್ಲ."

"ಬಸ್ಸೆಲ್ಲಿದೆ? ನಾವೇ ನಿಲ್ಲಿಸಿದ್ದೀವಲ್ಲ."

ನಡೆದೇ ಬಂದೆವು. ದಾರಿಯುದ್ದಕ್ಕೂ ಮೂವರೂ ಹುಚ್ಚರ ಹಾಗೆ ನಗುತ್ತಿದ್ದೆವು. ಕಾಲು ನೋವು ಈಗ ಗೊತ್ತಾಗುತ್ತಿದೆ.

ಮಾರ್ಚ್ 15, ಶುಕ್ರವಾರ, ಬೆಳಗ್ಗೆ

ಇವತ್ತೂ ರಜೆ ಹಾಕಿದೆ. ಅಣ್ಣ ಸ್ನಾನಕ್ಕೆ ಹೋಗಿ ಬಹಳ ಹೊತ್ತಾಯಿತು. ಬಿಸಿನೀರೆಲ್ಲ ಖಾಲಿ ಮಾಡಿದರೂ ಯಾರೂ ಏನೂ ಅನ್ನುವಂತಿಲ್ಲ. ಅಮ್ಮ ಬಚ್ಚಲ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಆಗಾಗ ಕೇಳುತ್ತಾಳೆ —

"ಇದ್ದೀಯೇನೋ?"

"ಇದ್ದೀನಮ್ಮ."

ಅತ್ತಿಗೆ ಅಡುಗೆಮನೆಯಿಂದ ಒಂದು ಸಲ ಕೇಳಿದಳು. ಅವಳಿಗೂ ಅದೇ ಉತ್ತರ. ಪೆನ್ನು ಕೆಳಗಿಟ್ಟು ನಾನೂ ಒಂದು ಸಲ ಸುಮ್ಮನೆ ಕೇಳಿ ಬರುತ್ತೇನೆ.