ಐದು ದಿನದಿಂದ ಉಣ್ಣದ ದಂಡನಾಯಕ

ಅಪ್ಪಾ,

ಬ್ಯಾಂಕಾಕಿನ ಮೊದಲ ಬಸ್ಸಿಗೆ ಹೊರಟಿದ್ದೇನೆ, ನಾಳೆ ಸಂಜೆ ಬರುತ್ತೇನೆ. ನಮ್ಮ ಕಾದಾಟದ ಮೀನು ಇಂದೂ ಏನನ್ನೂ ತಿಂದಿಲ್ಲ. ಇದು ಐದನೆಯ ದಿನ. ಜಾಡಿಯ ತಳದಲ್ಲಿ ಒರಗಿಕೊಂಡಿದೆ. ಕಿವಿರು ಆಡುತ್ತಿದೆ, ಮೂರು ಸಲ ನೋಡಿದೆ.

ಅರ್ಧ ನೀರನ್ನು ಮಾತ್ರ ಬದಲಾಯಿಸಿ. ನೀರಿಗೆ ಹಾಕಲು ಕಾಡುಬಾದಾಮಿ ಮರದ ಒಣ ಎಲೆ ಒಂದೇ ಸಾಕು. ನಿನ್ನೆ ನೀವು ಮಾಡಿದ್ದು ಕಷಾಯ. ಸೊಳ್ಳೆಮರಿಯನ್ನೂ ಒಂದೇ ಬಿಡಿ, ತಿನ್ನದಿದ್ದರೆ ತೆಗೆದುಬಿಡಿ. ಪಕ್ಕದ ಜಾಡಿಯ ಮೀನು ಕಾಣದಂತೆ ಅಡ್ಡ ಇಟ್ಟ ರಟ್ಟನ್ನು ದಯವಿಟ್ಟು ಎತ್ತಬೇಡಿ. ಎದುರಾಳಿಯನ್ನು ಕಂಡರೆ ಹಸಿವಾಗುತ್ತದೆ ಎನ್ನುವುದು ನಿಮ್ಮ ವಿಷಯದಲ್ಲಿ ನಿಜವಿರಬಹುದು.

ಇನ್ನು ಅದರ ಹೆಸರಿನ ಸಂಗತಿ. "ಖುನ್‌ಸುಕ್ ಅಂದ್ರೆ ದಂಡನಾಯಕ. ಅಷ್ಟು ಭಾರದ ಹೆಸರು ಹೊತ್ಕೊಂಡು ಪಾಪದ್ದು ಹೇಗಮ್ಮಾ ಮೇಲೆ ಬರತ್ತೆ?" ಎಂದು ನನಗೆ ಹೇಳಿ ನೀವು ವಿಹಾರದ ಗುರುಗಳ ಬಳಿ ಹೋಗಿ, ಅದಕ್ಕೆ 'ಇಮ್', ಅಂದರೆ ಹೊಟ್ಟೆ ತುಂಬಿದವ ಎಂಬ ಹೊಸ ಹೆಸರು ಇಡಿಸಿಕೊಂಡು ಬಂದಿರಿ. ನಾನು ಜಗಳವಾಡಿದೆ. ಆದರೆ ಗುರುಗಳು ಹೆಸರಿಡುವುದು ಹುಟ್ಟಿದ ವಾರ ನೋಡಿ. ನೀವು ಹೇಳಿದ ಗುರುವಾರ, ನಾವು ಅದನ್ನು ಕೊಂಡು ತಂದ ವಾರ!

ನಿನ್ನೆ ಮೀನು ಮಾರಿದ ಚರಾನ್‌ಗೆ ಫೋನ್ ಮಾಡಿದೆ. "ಅಕ್ಕಾ, ಜನ ಔಷಧಿ ಕೇಳ್ತಾರೆ, ನೀವು ಜಾತಕ ಕೇಳ್ತಿದೀರಲ್ಲ!" ಎಂದು ಬಿದ್ದು ಬಿದ್ದು ನಕ್ಕು, ಆಮೇಲೆ ತನ್ನ ಪುಸ್ತಕ ನೋಡಿ ಹೇಳಿದ: ಮೊಟ್ಟೆ ಒಡೆದದ್ದು ಸೋಮವಾರ.

ಗುರುಗಳು ಹನ್ನೊಂದಕ್ಕೆ ಊಟಕ್ಕೆ ಕೂರುತ್ತಾರೆ. ಅದಕ್ಕೆ ಮೊದಲೇ ಹೋಗಿ, ಸೋಮವಾರಕ್ಕೆ ಹೊಂದುವ ಹೆಸರು ತನ್ನಿ. ನಾನು ಕಳಿಸಿದೆನೆಂದು ಮಾತ್ರ ಹೇಳಬೇಡಿ.

ವಿಲೈ